ಪಿಯುಸಿಯಲ್ಲಿ ೫೮% ಬಂದಿದೆ, ಪಶುವೈದ್ಯನಾಗಬಹುದೇ?

ತಿಪಟೂರಿನವರು, ಸೈನ್ಸ್‌ನಲ್ಲಿ 58% ಬಂದಿದೆ, ಬಿವಿಎಸ್ಸಿ (ಪಶುವೈದ್ಯ ಪದವಿ) ಆಸೆ ಬಿಡಬೇಕಾ ಅಂತ ಕೇಳಿದ್ದೀರಿ. ಈಗಲೇ ಬಿಡಬೇಡಿ. ಸಾಮಾನ್ಯ ವರ್ಗಕ್ಕೆ ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ, ಇಂಗ್ಲಿಷ್ ಸೇರಿ 50% ಇದ್ದರೆ ಅರ್ಹತೆ ಸಿಗುತ್ತದೆ. ಮೀಸಲಾತಿ ಇದ್ದರೆ ಇನ್ನೂ ಕಡಿಮೆ ಸಾಕು.

ಆದರೆ ಅರ್ಹತೆ ಬೇರೆ, ಸೀಟು ಬೇರೆ ಅಲ್ವಾ? ಸೀಟು ಕೊಡಿಸುವುದು ಪ್ರವೇಶ ಪರೀಕ್ಷೆಯ ರ‍್ಯಾಂಕ್. ಸರ್ಕಾರಿ ಕಾಲೇಜುಗಳ 15% ಅಖಿಲ ಭಾರತ ಕೋಟಾ ನೀಟ್ ಮೇಲೆ ತುಂಬುತ್ತದೆ, ರಾಜ್ಯದ ಸೀಟುಗಳ ಕೌನ್ಸೆಲಿಂಗ್ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ನಡೆಸುತ್ತದೆ. ಮನೆಯವರು ಕೃಷಿಕರಾಗಿದ್ದರೆ ಕೃಷಿಕರ ಕೋಟಾ ಮರೆಯಬೇಡಿ. ನಮ್ಮ ಕಡೆಯ ಹುಡುಗರು ಪಹಣಿ, ತಹಶೀಲ್ದಾರ್ ಪತ್ರಕ್ಕೆ ಕೊನೇ ವಾರ ಓಡಾಡಿ ಸುಮ್ನೆ ಸೀಟು ಕಳೆದುಕೊಳ್ಳುತ್ತಾರೆ.

ಈಗ ಪಿಯುಸಿಗೆ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ಇದೆ. ಅಂಕ ಸುಧಾರಿಸಿಕೊಳ್ಳಲೂ ಬರೆಯಬಹುದು.

ನಿಮ್ಮೂರ ಪಕ್ಕದ ಕೊನೇಹಳ್ಳಿಯಲ್ಲೇ ಪಶುಸಂಗೋಪನೆ ಡಿಪ್ಲೊಮಾ ಇದೆ. ಕೆಲಸಕ್ಕೆ ಒಳ್ಳೆಯದು, ಆದರೆ ಅದರಿಂದ ಡಾಕ್ಟರ್ ಆಗುವುದಿಲ್ಲ. ಬಿವಿಎಸ್ಸಿಗೆ ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷ ಬೇಕು. ನನ್ನ ಪ್ರಕಾರ, ಅದೇ ಬೇಕೆಂದಿದ್ದರೆ ಒಂದು ವರ್ಷ ಪ್ರವೇಶ ಪರೀಕ್ಷೆಗೆ ಕೂತು ಓದುವುದು ದೊಡ್ಡ ನಷ್ಟವೇನಲ್ಲ.