ಅರವತ್ತು ಉತ್ತರಪತ್ರಿಕೆ, ಒಂದು ಕಿತ್ತಳೆ ಹಣ್ಣು

ಓದುಗರ ಪತ್ರ:

ಸಂಪಾದಕರಿಗೆ ನಮಸ್ಕಾರ. ನಾನು ಸಾಗರದ ಕಡೆಯವಳು. ಈಗ ಅಮೆರಿಕದ ಕೊಲರಾಡೊದಲ್ಲಿ ಪಿಎಚ್.ಡಿ. ಮಾಡುತ್ತಿದ್ದೇನೆ. ಫೀಸು ಮಾಫಿಯಾಗಿ ಕೈಗೆ ಸ್ವಲ್ಪ ಸಂಬಳ ಬರಬೇಕಾದರೆ ವಾರಕ್ಕೆ 20 ಗಂಟೆ ಟೀಚಿಂಗ್ ಅಸಿಸ್ಟೆಂಟ್ ಆಗಿ, ಎಂದರೆ ಪ್ರೊಫೆಸರ ಪಾಠಕ್ಕೆ ನೆರವಾಗಿ ಉತ್ತರಪತ್ರಿಕೆ ತಿದ್ದುತ್ತಾ, ದುಡಿಯಬೇಕು. ವಿಜ್ಞಾನ ಓದದವರಿಗೆ ಇರುವ ಕ್ಲೈಮೇಟ್ ಕೋರ್ಸ್ ನನ್ನ ಪಾಲಿಗೆ ಬಂದಿದೆ. ಮೊನ್ನೆ ಭೂಮಿಗೆ ಸಿಗುವ ಸರಾಸರಿ ಬಿಸಿಲಿನ ಒಂದು ಲೆಕ್ಕದಲ್ಲಿ 60 ಜನರ ಪೈಕಿ 41 ಜನ 4ರಿಂದ ಭಾಗಿಸುವ ಕಡೆ 2ರಿಂದ ಭಾಗಿಸಿದ್ದರು. ಅದನ್ನೇ ಬರೆದು ಬರೆದು ಕೈ ಸೋತಿತು. ಇನ್ನೊಬ್ಬ ಹುಡುಗ, 'ಹತ್ತು ಲಕ್ಷಕ್ಕೆ ಬರೀ 420 ಪಾಲು ಇರುವ ಕಾರ್ಬನ್ ಡೈಆಕ್ಸೈಡ್ ಏನು ಮಾಡೀತು?' ಎಂದು ಎರಡು ಗಂಟೆ ಕೂತ. ನನ್ನ ಗೈಡ್, 'ಪಾಠಕ್ಕೆ ಜಾಸ್ತಿ ಸಮಯ ಕೊಡಬೇಡ, ಸಂಶೋಧನಾ ಪೇಪರ್ ಬರೆ' ಎನ್ನುತ್ತಾರೆ. ಇದಕ್ಕಾ ನಾನು ಇಷ್ಟು ದೂರ ಬಂದದ್ದು ಅನಿಸುತ್ತದೆ. ಈ ನಡುವೆ ಊರಿನಿಂದ ಅಪ್ಪ ಫೋನ್ ಮಾಡಿ, 'ಅಡಿಕೆ ತೋಟದಲ್ಲಿ ಈ ಸಲವೂ ಕೊಳೆರೋಗ ಜಾಸ್ತಿ. ನೀನು ಓದೋದಕ್ಕೂ ಇದಕ್ಕೂ ಸಂಬಂಧ ಇದೆಯಾ?' ಎಂದು ಕೇಳಿದರು. ಕನ್ನಡದಲ್ಲಿ ಹೇಳಲು ಬಾಯಿ ಬರಲಿಲ್ಲ. (ಹೆಸರು ಹಾಕಬೇಡಿ.)

ಸಂಪಾದಕರ ಉತ್ತರ:

ತಂಗಿ, ನಿಮ್ಮ ಪತ್ರ ಓದಿ ಮುಗಿಸಿದ ತಕ್ಷಣ ಆಫೀಸಿನ ಹುಡುಗನನ್ನು ಕಳಿಸಿ ಎರಡು ಕಿತ್ತಳೆ ಹಣ್ಣು ತರಿಸಿದೆ.

ಏಕೆ ಎಂದು ನಿಮಗೆ ಗೊತ್ತಾಗಿರುತ್ತದೆ. ಬೇರೆ ಓದುಗರಿಗಾಗಿ ಹೇಳುತ್ತೇನೆ. ವಾತಾವರಣದ ಮೇಲ್ತುದಿಯಲ್ಲಿ ಬಿಸಿಲು ನೇರವಾಗಿ ಬೀಳುವ ಕಡೆ ಅದರ ಶಕ್ತಿ ಚದರ ಮೀಟರಿಗೆ ಸುಮಾರು 1,361 ವ್ಯಾಟ್. ಆದರೆ ಭೂಮಿ ಹಪ್ಪಳವಲ್ಲ, ಉಂಡೆ. ಅದು ತಡೆದು ಹಿಡಿಯುವ ಬಿಸಿಲು ಅದೇ ಅಗಲದ ಒಂದು ಹಪ್ಪಳ ಹಿಡಿಯುವಷ್ಟು. ಅದನ್ನು ಹಂಚಿಕೊಳ್ಳುವುದು ಮಾತ್ರ ಇಡೀ ಉಂಡೆಯ ಮೈ. ಆ ಮೈ ಹಪ್ಪಳದ ನಾಲ್ಕು ಪಟ್ಟು. ಅದಕ್ಕೇ 4ರಿಂದ ಭಾಗಿಸುವುದು, ಅದಕ್ಕೇ ಸರಾಸರಿ 340 ವ್ಯಾಟ್.

ನಾನು ಹಣ್ಣಿನ ಅಗಲ ಹಿಡಿದು ಹಾಳೆಯ ಮೇಲೆ ನಾಲ್ಕು ವೃತ್ತ ಬರೆದೆ. ಸಿಪ್ಪೆ ಸುಲಿದು, ಚೂರು ಮಾಡಿ, ವೃತ್ತಗಳಲ್ಲಿ ಒತ್ತಿ ಜೋಡಿಸಿದೆ. ನಾಲ್ಕೂ ತುಂಬಿದವು! ಪ್ರೂಫ್ ನೋಡುವವರು, ಪುಟ ಕಟ್ಟುವವರು ಎಲ್ಲ ಬಂದು ಮೇಜಿನ ಸುತ್ತ ನಿಂತರು. ಎರಡನೇ ಹಣ್ಣನ್ನು ಅವರೇ ಸುಲಿದು ಇನ್ನೊಮ್ಮೆ ಮಾಡಿ ನೋಡಿದರು.

ಈಗ ನಿಮ್ಮ 41 ಮಕ್ಕಳ ವಿಷಯ. ಅವರು 2 ಎಂದು ಏಕೆ ಬರೆದರು? ಭೂಮಿಯ ಅರ್ಧಕ್ಕೆ ಹಗಲು, ಅರ್ಧಕ್ಕೆ ರಾತ್ರಿ ಎಂದು. ಸುಮ್ನೆ ಗೀಚಿದ್ದಲ್ಲ, ಯೋಚನೆ ಮಾಡಿಯೇ ಬರೆದದ್ದು. ಹಗಲಿರುವ ಅರ್ಧದಲ್ಲೂ ಅಂಚಿನ ಕಡೆ ಬಿಸಿಲು ಓರೆಯಾಗಿ ಬೀಳುತ್ತದೆ ಎನ್ನುವುದೊಂದು ತಪ್ಪಿಹೋಗಿದೆ. ಪಾಠ ಮಾಡಿ ಹೊರಟುಹೋಗುವ ಪ್ರೊಫೆಸರಿಗೆ ಇದು ಕಾಣುವುದಿಲ್ಲ. ಅರವತ್ತೂ ಪತ್ರಿಕೆ ತಿದ್ದಿದ ನಿಮಗೆ ಕಂಡಿದೆ. ಮುಂದಿನ ವಾರ ಕ್ಲಾಸಿಗೆ ಕಿತ್ತಳೆ ತೆಗೆದುಕೊಂಡು ಹೋಗಿ.

ನಿಮ್ಮ ಗೈಡ್ ಹೇಳುವುದರಲ್ಲೂ ನ್ಯಾಯವಿದೆ. ಪೇಪರ್ ಬರದಿದ್ದರೆ ನಾಳೆ ಕೆಲಸ ಸಿಗುವುದಿಲ್ಲ, ಒಪ್ಪಿದೆ. ಆದರೆ ಈ ಕೆಲಸ ನಿಂತರೆ ಏನಾಗುತ್ತದೆ ಎಂದು ನೀವೀಗ ಇರುವ ದೇಶದವರೇ ನೋಡಿದ್ದಾರಲ್ಲ. 2022ರ ನವೆಂಬರ್ 14ರಂದು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಟೀಚಿಂಗ್ ಅಸಿಸ್ಟೆಂಟ್‌ಗಳು, ಸಂಶೋಧಕರು ಸೇರಿ ಸುಮಾರು 48,000 ಜನ ಸಂಬಳ ಸಾಲದೆಂದು ಮುಷ್ಕರ ಹೂಡಿದರು. ಆರು ವಾರ ನಡೆಯಿತು. ಎಷ್ಟೋ ತರಗತಿ ನಿಂತವು, ಪತ್ರಿಕೆಗಳು ತಿದ್ದದೆ ಉಳಿದವು. ಕೊನೆಗೆ ಸಂಬಳ ಏರಿಸಬೇಕಾಯಿತು.

ನನಗೆ ಇದರಲ್ಲಿ ಇಷ್ಟು ಹಟ ಏಕೆ ಎಂದರೆ, ನಾನು ಬಿ.ಎಸ್ಸಿ. ಓದುವಾಗ ಫಿಸಿಕ್ಸ್ ಲ್ಯಾಬಿನಲ್ಲಿ ಒಬ್ಬರು ಡೆಮಾನ್‌ಸ್ಟ್ರೇಟರ್ ಇದ್ದರು. ಒಂದು ದಿನ ಒಂದೇ ಅಳತೆಯ ಎರಡು ಪಾತ್ರೆ ಇಟ್ಟರು. ಒಂದಕ್ಕೆ ಮಸಿ ಬಳಿದಿತ್ತು, ಇನ್ನೊಂದು ಫಳಫಳ ಹೊಳೆಯುತ್ತಿತ್ತು. ಎರಡಕ್ಕೂ ಕುದಿಯುವ ನೀರು. 'ಯಾವುದು ಬೇಗ ಆರುತ್ತೆ?' ಎಂದರು. ನಾನು ಹೊಳೆಯುವುದು ಎಂದೆ. 'ಬರೆದಿಡು, ಆಮೇಲೆ ನೋಡು' ಎಂದರು. ಮಸಿ ಬಳಿದದ್ದೇ ಮೊದಲು ಆರಿತು. ಬಿಸಿಯಾದ ವಸ್ತು ಕಣ್ಣಿಗೆ ಕಾಣದ ಕಿರಣವಾಗಿ ಶಾಖ ಬಿಡುತ್ತದೆ, ಕಪ್ಪು ಮೈ ಜಾಸ್ತಿ ಬಿಡುತ್ತದೆ ಎನ್ನುವುದು ನನ್ನ ತಲೆಗೆ ಹೋಗುವ ತನಕ ಮೂರು ಸಂಜೆ ಕೂತರು. ನಿಮ್ಮ ಇಡೀ ಕೋರ್ಸ್ ನಿಂತಿರುವುದು ಇದರ ಮೇಲೇ ಅಲ್ವಾ? ಅವರನ್ನು ಕಾಲೇಜು ಖಾಯಂ ಮಾಡಲಿಲ್ಲ. ಬ್ಯಾಂಕ್ ಪರೀಕ್ಷೆ ಬರೆದು ಹೋದರು. ಹೋದ ದಿನ ಒಂದು ಹಾರವೂ ಇರಲಿಲ್ಲ.

ಇನ್ನು ಆ 420ರ ಹುಡುಗ. ಅವನ ಬಗ್ಗೆ ನೀವು ಬೇಸರದಿಂದ ಬರೆದಿದ್ದೀರಿ. ನನಗೆ ಅವನು ಬಹಳ ಹಿಡಿಸಿದ. ಬಿಳಿ ಬಟ್ಟೆಗೆ ನಮ್ಮ ಮನೆಗಳಲ್ಲಿ ನೀಲಿ ಹಾಕುತ್ತಾರಲ್ಲ, ಅದನ್ನು ನೆನಪಿಸಿಕೊಳ್ಳಿ. ಬಕೆಟ್ ನೀರಿಗೆ ನಾಲ್ಕು ಹನಿ. ಲೆಕ್ಕ ಹಾಕಿದರೆ ಹತ್ತು ಲಕ್ಷಕ್ಕೆ 420 ಪಾಲಿಗಿಂತ ಎಷ್ಟೋ ಕಡಿಮೆ, ಆದರೂ ಇಡೀ ನೀರು ನೀಲಿ. ಗಾಳಿಯಲ್ಲಿ ಬಹುಪಾಲು ಇರುವ ಸಾರಜನಕ, ಆಮ್ಲಜನಕ ಭೂಮಿಯಿಂದ ಹೊರಡುವ ಶಾಖದ ಕಿರಣವನ್ನು ಹಿಡಿಯುವುದೇ ಇಲ್ಲ. ಕಾರ್ಬನ್ ಡೈಆಕ್ಸೈಡ್ ಹಿಡಿಯುತ್ತದೆ. 1958ರಲ್ಲಿ ವಿಜ್ಞಾನಿ ಚಾರ್ಲ್ಸ್ ಕೀಲಿಂಗ್ ಹವಾಯಿಯ ಮೌನಾ ಲೋವಾ ಬೆಟ್ಟದಲ್ಲಿ ಅಳೆಯಲು ಶುರು ಮಾಡಿದಾಗ ಅದು ಸುಮಾರು 315 ಇತ್ತು. ಆ ಏರುಗೆರೆಯನ್ನು 60ರ ದಶಕದಲ್ಲಿ ಹಾರ್ವರ್ಡ್‌ನಲ್ಲಿ ಸಾಗರ ವಿಜ್ಞಾನಿ ರೋಜರ್ ರೆವೆಲ್ ಪಾಠದಲ್ಲಿ ತೋರಿಸಿದರು. ಬೆಂಚಿನಲ್ಲಿ ಕೂತು ನೋಡಿದವರಲ್ಲಿ ಮುಂದೆ ಅಮೆರಿಕದ ಉಪಾಧ್ಯಕ್ಷರಾದ ಅಲ್ ಗೋರ್ ಒಬ್ಬರು. ಆಗ ಅವರೂ ನಿಮ್ಮ ಹುಡುಗನ ವಯಸ್ಸಿನವರೇ.

ಅಪ್ಪನ ಪ್ರಶ್ನೆಯನ್ನು ನೀವು ಪತ್ರದ ಕೊನೆಗೆ ತಳ್ಳಿದ್ದೀರಿ. ಇದಕ್ಕೆ ಮಾತ್ರ ನಿಮ್ಮನ್ನು ಗದರಬೇಕು. ಸುಲೋಚನಾ ಗಾಡ್ಗೀಳ್ ಹಾರ್ವರ್ಡ್‌ನಲ್ಲಿ ಪಿಎಚ್.ಡಿ. ಮಾಡಿ 1971ರಲ್ಲಿ ಭಾರತಕ್ಕೆ ಮರಳಿದವರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಮುಂಗಾರಿನ ಬಗ್ಗೆ ದೊಡ್ಡ ದೊಡ್ಡ ಕೆಲಸ ಮಾಡಿದರು. ಅದೇ ಗಾಡ್ಗೀಳರು ಪಾವಗಡದ ಕಡೆಯ ಶೇಂಗಾ ರೈತರ ಜೊತೆ ಕೂತು, ಹಳೆಯ ಮಳೆ ಲೆಕ್ಕ ಮುಂದಿಟ್ಟುಕೊಂಡು, ಯಾವಾಗ ಬಿತ್ತಿದರೆ ಮಳೆ ಕೈಹಿಡಿದೀತು ಎಂದು ನೋಡಿದರು. ರೈತನ ಪ್ರಶ್ನೆ ಅವರಿಗೆ ಸಂಶೋಧನೆಗೆ ಅಡ್ಡಿಯಾಗಿ ಕಾಣಲಿಲ್ಲ.

ಇಲ್ಲಿ ನಮ್ಮ ಪಾಡು ಹೇಳುತ್ತೇನೆ. ಪರಿಸರವನ್ನು ಪಾಠವಾಗಿ ಕಲಿಸಬೇಕು ಎಂದು ಸುಪ್ರೀಂ ಕೋರ್ಟ್ 1991ರಲ್ಲೇ ಹೇಳಿತು. ಆಮೇಲೆ ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) ಎಲ್ಲ ಪದವಿಗೂ ಒಂದು ಸೆಮಿಸ್ಟರ್ ಕಡ್ಡಾಯ ಮಾಡಿತು. ನಾನು ಹೋದ ಎಷ್ಟೋ ಕಾಲೇಜುಗಳಲ್ಲಿ ಆ ಪಾಠ ಯಾರಿಗೆ ಪೀರಿಯಡ್ ಕಡಿಮೆ ಇದೆಯೋ ಅವರ ಪಾಲು. ಹೆಚ್ಚಿನ ಸಲ ಪಾಪ, ಅತಿಥಿ ಉಪನ್ಯಾಸಕರು. ಮುಂದಿನ ವರ್ಷ ತಾವೇ ಇರುತ್ತೇವೋ ಇಲ್ಲವೋ ಎಂಬ ಚಿಂತೆಯಲ್ಲಿರುವವರು. ಮಕ್ಕಳು ಗೈಡ್ ಪುಸ್ತಕ ಉರು ಹೊಡೆದು ಪಾಸಾಗುತ್ತಾರೆ. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಗುಡ್ಡ ಜಾರಿತು, 2024ರ ಜುಲೈಯಲ್ಲಿ ಶಿರೂರಿನಲ್ಲಿ ಹೆದ್ದಾರಿಯ ಮೇಲೇ ಕುಸಿಯಿತು. ಆ ಊರುಗಳ ಮಕ್ಕಳೂ 'ಪರಿಸರ ಎಂದರೇನು?' ಎಂಬ ಪ್ರಶ್ನೆಗೆ ಎರಡು ಮಾರ್ಕಿನ ವ್ಯಾಖ್ಯೆ ಬರೆದು ಮುಗಿಸುತ್ತಾರೆ. ಅವರ ಪಕ್ಕದಲ್ಲಿ ಮೂರು ಸಂಜೆ ಕೂರುವವರು ಯಾರಿದ್ದಾರೆ?

ಮಾತಿನಲ್ಲೂ ನಾವು ಎಡವಿದ್ದೇವೆ. ಶಾಲೆಯ ಭೂಗೋಳದಲ್ಲಿ ಇವತ್ತಿನ ಮಳೆ ಬಿಸಿಲಿಗೆ ಹವಾಮಾನ ಎಂದೂ, ಹತ್ತಾರು ವರ್ಷದ ಸ್ವಭಾವಕ್ಕೆ ವಾಯುಗುಣ ಎಂದೂ ಕಲಿಸುತ್ತಾರೆ. ಪತ್ರಿಕೆಗಳಲ್ಲಿ ನಾವು 'ಹವಾಮಾನ ಬದಲಾವಣೆ' ಎಂದು ಬರೆಯುತ್ತೇವೆ. ಹವಾಮಾನ ದಿನಾ ಬದಲಾಗುತ್ತದಲ್ಲ ಎಂದು ನಿಮ್ಮ ಅಪ್ಪ ಕೇಳಿದರೆ ಅದು ಸರಿಯಾದ ಪ್ರಶ್ನೆಯೇ. ಇನ್ನು ಮೇಲೆ ನಮ್ಮ ಪುಟಗಳಲ್ಲಿ ವಾಯುಗುಣ ಎಂದೇ ಬರುತ್ತದೆ.

ನಿಮ್ಮಿಂದ ನನಗೆ ಒಂದು ಬರಹ ಬೇಕು. ವಿಷಯ, ಅಪ್ಪ ಕೇಳಿದ್ದು. ಒಂದು ವರ್ಷದ ಕೊಳೆಗೂ ವಾಯುಗುಣಕ್ಕೂ ಎಷ್ಟು ಗಂಟು ಹಾಕಬಹುದು, ಎಲ್ಲಿ ಹಾಕಬಾರದು, ಕೊಳೆಗೆ ಬೋರ್ಡೋ ದ್ರಾವಣ ಹೊಡೆಯಲು ಮಳೆ ಬಿಡುವು ಕೊಡದ ದಿನಗಳನ್ನು ಲೆಕ್ಕ ಇಡುವುದು ಹೇಗೆ, ಇಷ್ಟು. ಆ ಹುಡುಗನಿಗೆ ಎರಡು ಗಂಟೆ ಹೇಳಿದ ಹಾಗೆಯೇ ಬರೆಯಿರಿ. ಮೊದಲು ಫೋನಿನಲ್ಲಿ ಅಪ್ಪನಿಗೆ ಓದಿ ಹೇಳಿ. ಅವರು 'ಏನಂದೆ?' ಎಂದು ಕೇಳಿದ ಕಡೆಯೆಲ್ಲ ಪೆನ್ಸಿಲಿನಲ್ಲಿ ಗುರುತು ಹಾಕಿ, ಆ ಪ್ರತಿಯನ್ನೇ ನನಗೆ ಕಳಿಸಿ. ನಾಲ್ಕು ಪುಟ ಖಾಲಿ ಇಟ್ಟಿರುತ್ತೇನೆ.