ಓದುಗರ ಪ್ರಶ್ನೆಗೆ ಉತ್ತರ: ಮೈಕ್ರೋಫ್ಲೂಯಿಡಿಕ್ಸ್ ಲ್ಯಾಬಿನ ಒಳಗೆ

ಪ್ರಶ್ನೆ: ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿದ್ದೇನೆ. ಮೈಕ್ರೋಫ್ಲೂಯಿಡಿಕ್ಸ್‌ನಲ್ಲಿ ಪಿಎಚ್‌.ಡಿ. ಮಾಡುವ ಆಸೆಯಿದೆ. ಅದಕ್ಕೆ ಕೋಟಿಗಟ್ಟಲೆ ಬೆಲೆಯ ಕ್ಲೀನ್‌ರೂಮ್ ಬೇಕು, ಬೆಂಗಳೂರಿಗೇ ಹೋಗಬೇಕು ಎಂದು ಹಿರಿಯ ವಿದ್ಯಾರ್ಥಿಗಳು ಹೇಳುತ್ತಾರೆ. ನಮ್ಮ ಭಾಗದ ವಿಶ್ವವಿದ್ಯಾಲಯಗಳಲ್ಲಿ ಇದು ಸಾಧ್ಯವೇ? ಅಲ್ಲಿ ದಿನವೂ ಮಾಡುವ ಕೆಲಸವೇನು?
– ಓದುಗರೊಬ್ಬರು, ಸಿಂಧನೂರು

ಉತ್ತರ: ಕೂದಲೆಳೆಯಷ್ಟು ಸಣ್ಣ ಕಾಲುವೆಗಳಿರುವ ಚಿಪ್‌ಗಳಲ್ಲಿ ದ್ರವ ಹರಿಸುವ ವಿದ್ಯೆಯೇ ಮೈಕ್ರೋಫ್ಲೂಯಿಡಿಕ್ಸ್. ನಿಮ್ಮ ಹಿರಿಯರು ಹೇಳಿದ್ದು ಅರ್ಧ ಸತ್ಯ. ಧೂಳು ಸೋಸಿದ ಗಾಳಿಯ ಕೋಣೆಯಾದ ಕ್ಲೀನ್‌ರೂಮ್ ಬೇಕಾಗುವುದು ಮುಖ್ಯವಾಗಿ ಅಚ್ಚು ತಯಾರಿಸಲು; ಸಿಲಿಕಾನ್ ಬಿಲ್ಲೆಯ ಮೇಲೆ ಎಸ್‌ಯು-8 ಎಂಬ, ಬೆಳಕಿಗೆ ಗಟ್ಟಿಯಾಗುವ ದ್ರವವನ್ನು ಹರಡಿ, ವಿನ್ಯಾಸ ಮುದ್ರಿಸಿದ ಮಾಸ್ಕಿನ ಮೂಲಕ ನೇರಳಾತೀತ ಬೆಳಕು ಹಾಯಿಸಿ ಕಾಲುವೆಗಳ ಆಕಾರವನ್ನು ಮೂಡಿಸುತ್ತಾರೆ. ಜೋಪಾನ ಮಾಡಿದರೆ ಅದೇ ಅಚ್ಚಿನಿಂದ ಹತ್ತಾರು ಚಿಪ್‌ಗಳನ್ನು ಎರಕ ಹೊಯ್ಯಬಹುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನ್ಯಾನೊ ಕೇಂದ್ರವು ಐಎನ್‌ಯುಪಿ ಎಂಬ ಕೇಂದ್ರ ಸರ್ಕಾರದ ಯೋಜನೆಯಡಿ ಹೊರಗಿನ ಸಂಶೋಧಕರಿಗೂ ತರಬೇತಿ ಮತ್ತು ಸಲಕರಣೆಗಳ ಬಳಕೆಗೆ ಅವಕಾಶ ಕೊಟ್ಟಿದೆ.

ಉಳಿದದ್ದೆಲ್ಲ ಸಾಮಾನ್ಯ ಕೋಣೆಯ ಕೆಲಸ. ಪಿಡಿಎಂಎಸ್ ಎಂಬ ಸಿಲಿಕೋನ್ ದ್ರವವನ್ನೂ ಅದನ್ನು ಗಟ್ಟಿಮಾಡುವ ರಾಸಾಯನಿಕವನ್ನೂ ಸಾಮಾನ್ಯವಾಗಿ 10:1 ತೂಕದಲ್ಲಿ ಕಲಸಿ, ನಿರ್ವಾತದಲ್ಲಿಟ್ಟು ಗುಳ್ಳೆ ತೆಗೆದು, ಅಚ್ಚಿನ ಮೇಲೆ ಸುರಿದು, 70 ಡಿಗ್ರಿ ಸೆಲ್ಸಿಯಸ್‌ನ ಓವನ್‌ನಲ್ಲಿ ಒಂದೆರಡು ಗಂಟೆ ಇಡುತ್ತಾರೆ. ಗಟ್ಟಿಯಾದ ಹಾಳೆಯನ್ನು ಬ್ಲೇಡಿನಿಂದ ಕತ್ತರಿಸಿ, ಕೊಳವೆ ಸೇರಿಸಲು ತೂತು ಕೊರೆದು, ಪ್ಲಾಸ್ಮಾಕ್ಕೆ (ವಿದ್ಯುತ್ತಿನಿಂದ ಅಯಾನೀಕರಿಸಿದ ಅನಿಲಕ್ಕೆ) ಒಡ್ಡಿದ ಕೆಲವೇ ನಿಮಿಷಗಳಲ್ಲಿ ಗಾಜಿನ ಸ್ಲೈಡಿಗೆ ಒತ್ತಬೇಕು; ಸರಿಯಾಗಿ ಕೂತ ಮೇಲೆ ಬಿಡಿಸಿ ಮತ್ತೆ ಅಂಟಿಸುವ ಮಾತಿಲ್ಲ.

ನಮ್ಮ ಭಾಗದಲ್ಲಿ ನಿಜವಾದ ಶತ್ರುಗಳು ಧೂಳು ಮತ್ತು ಸೆಕೆ. ಸಂಡೂರು, ಬಳ್ಳಾರಿ ಕಡೆಯ ಕೆಂಧೂಳಿನ ಒಂದು ಕಣ ಅಂಟಿಸುವ ಮೇಲ್ಮೈಯಲ್ಲಿ ಕೂತರೂ ಅದರ ಸುತ್ತ ಸಂದು ಉಳಿದು ಚಿಪ್ ಸೋರಬಹುದು. ಆದ್ದರಿಂದ ಕೊನೆಯ ಗಳಿಗೆಯವರೆಗೆ ಆ ಮೇಲ್ಮೈಗೆ ಪಾರದರ್ಶಕ ಟೇಪ್ ಅಂಟಿಸಿಟ್ಟು, ಕಿತ್ತ ಕೂಡಲೇ ಪ್ಲಾಸ್ಮಾ ಯಂತ್ರದೊಳಗೆ ಇಡುವುದು ಒಳ್ಳೆಯ ರೂಢಿ. ಮೇ ತಿಂಗಳ ರಾಯಚೂರಿನಲ್ಲಿ ಎ.ಸಿ. ಇಲ್ಲದ ಕೋಣೆಯಲ್ಲಾದರೆ ಕಲಸಿಟ್ಟ ಪಿಡಿಎಂಎಸ್ ನಾವು ಎಣಿಸಿದ್ದಕ್ಕಿಂತ ಬೇಗ ಗಟ್ಟಿಯಾಗತೊಡಗುತ್ತದೆ. ಬೆಳಗಿನ ಹೊತ್ತಿನಲ್ಲೇ ಎರಕ ಮುಗಿಸುವುದು ಜಾಣತನ.

ಭೌತಶಾಸ್ತ್ರ ಓದಿದ ನಿಮಗೆ ರುಚಿಸುವ ಭಾಗ ಮುಂದಿದೆ. 100 ಮೈಕ್ರಾನ್ (0.1 ಮಿ.ಮೀ.) ಅಗಲದ ಕಾಲುವೆಯಲ್ಲಿ ನೀರು ಸೆಕೆಂಡಿಗೆ 1 ಸೆಂ.ಮೀ. ಹರಿದರೆ ರೆನಾಲ್ಡ್ಸ್ ಸಂಖ್ಯೆ (ಹರಿವಿನ ಜಡತ್ವ ಮತ್ತು ಸ್ನಿಗ್ಧತೆಯ ಬಲಗಳ ಅನುಪಾತ) ಸುಮಾರು 1. ಸಾಮಾನ್ಯ ಪೈಪಿನಲ್ಲಿ ಹರಿವು ಕದಡಲು ಅದು 2,000 ದಾಟಬೇಕು. ಹೀಗಾಗಿ ಎರಡು ಬಣ್ಣದ ನೀರು ಒಂದೇ ಕಾಲುವೆಯಲ್ಲಿ ಗೆರೆ ಎಳೆದಂತೆ ಅಕ್ಕಪಕ್ಕ ಹರಿಯುತ್ತದೆ. ಅಣುಗಳು ತಾವಾಗಿಯೇ ಹರಡುವ ವಿಸರಣೆಯೊಂದರಿಂದಲೇ ಬೆರೆಯಲು ಸುಮಾರು 10 ಸೆಕೆಂಡು, ಅಂದರೆ 10 ಸೆಂ.ಮೀ. ಉದ್ದದ ಕಾಲುವೆ ಬೇಕು. ಚಿಪ್‌ಗಳಲ್ಲಿ ಕಾಲುವೆಗಳು ಅಂಕುಡೊಂಕಾಗಿರುವುದು ಅಷ್ಟು ಉದ್ದವನ್ನು ಚಿಕ್ಕ ಜಾಗದಲ್ಲಿ ಕೂಡಿಸಲಿಕ್ಕೇ.

ಎನ್‌ಇಟಿ ಪರೀಕ್ಷೆಯಲ್ಲಿ ಜೆಆರ್‌ಎಫ್ ಎಂಬ ಸಂಶೋಧನಾ ಫೆಲೋಶಿಪ್ ಸಿಕ್ಕರೆ 2023ರ ಪರಿಷ್ಕರಣೆಯಂತೆ ತಿಂಗಳಿಗೆ 37,000 ರೂಪಾಯಿ ಬರುತ್ತದೆ. ಸೇರುವ ಮುನ್ನ ಗೈಡ್ ಅವರನ್ನು ಸಂಕೋಚವಿಲ್ಲದೆ ಕೇಳಿ: ಪ್ಲಾಸ್ಮಾ ಯಂತ್ರ ನಡೆಯುತ್ತಿದೆಯೇ, ಕರೆಂಟ್ ಹೋದರೆ ಕಾಲುವೆಗೆ ದ್ರವ ತಳ್ಳುವ ಸಿರಿಂಜ್ ಪಂಪಿಗೆ ಬ್ಯಾಕಪ್ ಇದೆಯೇ? ನನ್ನ ಮಟ್ಟಿಗೆ ಲ್ಯಾಬಿನಲ್ಲಿ ಪ್ರಕಟವಾದ ಪ್ರಬಂಧಗಳ ಸಂಖ್ಯೆಗಿಂತ ಈ ಉತ್ತರಗಳೇ ಹೆಚ್ಚು ತಿಳಿಸುತ್ತವೆ.

ಪ್ರಶ್ನೆ: ನಮ್ಮ ಕೊಳವೆಬಾವಿಯ ನೀರಿನಲ್ಲಿರುವ ಫ್ಲೋರೈಡನ್ನು ಕಾಗದದ ಚಿಪ್‌ನಿಂದ ಅಳೆಯಬಹುದೇ?
– ಓದುಗರೊಬ್ಬರು, ಕುಷ್ಟಗಿ

ಉತ್ತರ: ಇದೆಯೋ ಇಲ್ಲವೋ ಎಂದು ಅಂದಾಜಿಸಬಹುದು. ಹಾರ್ವರ್ಡ್‌ನ ಜಾರ್ಜ್ ವೈಟ್‌ಸೈಡ್ಸ್ ಅವರ ತಂಡ 2007ರಲ್ಲಿ ತೋರಿಸಿಕೊಟ್ಟ ಕಾಗದದ ಚಿಪ್‌ಗಳಿಗೆ ಪಂಪೇ ಬೇಡ. ಕಾಗದ ತಾನೇ ನೀರು ಹೀರಿ ಬಣ್ಣ ತೋರಿಸುತ್ತದೆ. ಆದರೆ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ಮೂಲವಿಲ್ಲದಾಗ 1.5ರವರೆಗೆ ಸಹಿಸಬಹುದು ಎಂಬ ಮಿತಿಯಿದೆ. ಇಷ್ಟು ಸಣ್ಣ ಅಂತರವನ್ನು ಬಣ್ಣ ನೋಡಿ ಬರಿಗಣ್ಣಿನಿಂದ ಹೇಳುವುದು ಕಷ್ಟ. ಮನೆಯವರು ಆ ನೀರನ್ನು ಕುಡಿಯಬೇಕೋ ಬೇಡವೋ ಎಂಬುದನ್ನು ಮಾತ್ರ ನೀರು ಪರೀಕ್ಷಾ ಪ್ರಯೋಗಾಲಯದ ವರದಿ ನೋಡಿಯೇ ತೀರ್ಮಾನಿಸಿ.