ಮೆಲ್ಲಗೆಂದರೆ ಕೇಳದು, ಜೋರೆಂದರೆ ತಡೆಯದು

ಪ್ರಶ್ನೆ: ನಮ್ಮ ಅತ್ತೆಗೆ 72 ವರ್ಷ. ಮೆಲ್ಲಗೆ ಮಾತಾಡಿದರೆ ‘ಏನಂದೆ?’ ಅಂತಾರೆ. ತುಸು ಜೋರಾಗಿ ಹೇಳಿದರೆ ‘ಯಾಕಮ್ಮಾ ಕಿರುಚ್ತೀಯ’ ಅಂತ ನೊಂದುಕೊಳ್ಳುತ್ತಾರೆ. ಅಡುಗೆಮನೆಯಲ್ಲಿ ತಟ್ಟೆ ಬಿದ್ದರೆ ಕಿವಿ ಮುಚ್ಚಿಕೊಂಡು ಎದ್ದು ಹೋಗುತ್ತಾರೆ. ಕಿವಿ ಮಂದವಾದವರಿಗೆ ಸದ್ದು ಹೀಗೆ ಬಡಿಯುವುದು ಉಂಟೇ?
- ಓದುಗರು, ದಾವಣಗೆರೆ

ಉತ್ತರ: ಉಂಟು. ಎರಡೂ ಒಂದೇ ಬೇರಿನಿಂದ ಬಂದದ್ದು, ಅತ್ತೆಯವರ ಸ್ವಭಾವಕ್ಕೂ ಇದಕ್ಕೂ ಸಂಬಂಧವಿಲ್ಲ. ಒಳಗಿವಿಯಲ್ಲಿ ಕೂದಲಿನಂಥ ತುದಿಯಿರುವ ಕೋಶಗಳಿವೆ: ಒಳಸಾಲಿನಲ್ಲಿ ಸುಮಾರು 3,500, ಹೊರಸಾಲುಗಳಲ್ಲಿ ಸುಮಾರು 12,000. ಒಳಸಾಲಿನವು ಸದ್ದನ್ನು ನರಕ್ಕೆ ದಾಟಿಸುತ್ತವೆ. ಹೊರಸಾಲಿನವು ಸಣ್ಣ ಸದ್ದನ್ನು ಹಿಗ್ಗಿಸಿಕೊಡುತ್ತವೆ, ದೊಡ್ಡ ಸದ್ದಿನ ಗೋಜಿಗೆ ಹೋಗುವುದಿಲ್ಲ. ವಯಸ್ಸಾದಂತೆ ಈ ಹೊರಸಾಲು ಸವೆದರೆ ಪಿಸುಮಾತು ಕಳೆದುಹೋಗುತ್ತದೆ, ತಟ್ಟೆ ಬಿದ್ದ ಸದ್ದು ಮಾತ್ರ ಮೊದಲಿನಷ್ಟೇ ದೊಡ್ಡದಾಗಿ ಉಳಿಯುತ್ತದೆ. ಮಣ್ಣು ತುಂಬಿ ಕೋಣೆಯ ನೆಲ ಎತ್ತರಿಸಿದರೂ ಸೂರು ಇದ್ದಲ್ಲೇ ಇದ್ದರೆ ತಲೆ ತಾಗುತ್ತದಲ್ಲ, ಹಾಗೆ. ಸದ್ದಿನ ಜೋರನ್ನು ಅಳೆಯುವ ಡೆಸಿಬಲ್ ಲೆಕ್ಕದಲ್ಲಿ, ಮೊದಲು 20 ಡೆಸಿಬಲ್‌ಗೆ ಕೇಳುತ್ತಿದ್ದ ಕಿವಿಗೆ ಈಗ 55 ಬೇಕು, ಆದರೆ 100ರ ಹತ್ತಿರ ಬಂದರೆ ಹಿಂಸೆ ಎಂಬುದು ಬದಲಾಗಿಲ್ಲ ಎನ್ನೋಣ. 80ರಷ್ಟಿದ್ದ ಅಂತರ 45ಕ್ಕೆ ಇಳಿಯಿತು. ಆಡಿಯಾಲಜಿಸ್ಟರು, ಅಂದರೆ ಶ್ರವಣ ತಜ್ಞರು, ಇದನ್ನು ‘ರಿಕ್ರೂಟ್‌ಮೆಂಟ್’ ಎನ್ನುತ್ತಾರೆ.

ಕೂಗಿದರೆ ಯಾಕೆ ಪ್ರಯೋಜನವಿಲ್ಲ ಎಂಬುದೂ ಇಲ್ಲೇ ಇದೆ. ಇಂಥ ಕಿವಿಗೆ ತಪ್ಪಿಹೋಗುವುದು ಸ, ಶ, ತ, ಕ ಮೊದಲಾದ ವ್ಯಂಜನಗಳು. ನಾವು ಗಂಟಲು ಎತ್ತರಿಸಿದಾಗ ಜೋರಾಗುವುದು ಆ, ಓ ಎಂಬ ಸ್ವರಗಳು. ಕೂಗು ಕಿವಿಗೆ ಬಡಿಯುತ್ತದೆ, ಮಾತು ತಲುಪುವುದಿಲ್ಲ. ಟಿ.ವಿ., ನೀರಿನ ನಲ್ಲಿ ನಿಲ್ಲಿಸಿ, ಮೂರು ಅಡಿ ಅಂತರಕ್ಕೆ ಬಂದು, ನಿಮ್ಮ ಮುಖಕ್ಕೆ ಬೆಳಕು ಬೀಳುವಂತೆ ಕೂತು, ‘ಅತ್ತೆ’ ಎಂದು ಕರೆದು ಅವರು ತಿರುಗಿದ ಮೇಲೆ ನಿಧಾನವಾಗಿ ಹೇಳಿ. ಅರ್ಥವಾಗದಿದ್ದರೆ ಅದೇ ವಾಕ್ಯವನ್ನು ಮತ್ತೆ ಹೇಳುವ ಬದಲು ಬೇರೆ ಪದಗಳಲ್ಲಿ ಹೇಳಿ.

ಅಡುಗೆಮನೆಗೆ ಬರೋಣ. ಕುಕ್ಕರ್ ಮೊದಲ ಕೂಗು ಕೂಗಿದೊಡನೆ ಉರಿಯನ್ನು ಸಿಮ್‌ಗೆ ಇಳಿಸಿ. ಅಲ್ಲಿಂದ ಕೂಗು ಎಣಿಸಬೇಡಿ, ಗಡಿಯಾರ ನೋಡಿ: ಅಕ್ಕಿಗೆ 4-5 ನಿಮಿಷ, ನೆನೆಸಿದ ತೊಗರಿಬೇಳೆಗೆ 8-10. ಸದ್ದು ತಡೆಯಲೆಂದು ವೆಯ್ಟ್ ಮೇಲೆ ಬಟ್ಟೆ ಹಾಕಲೇಬೇಡಿ, ಆವಿಯ ದಾರಿ ಕಟ್ಟಿದರೆ ಅಪಾಯ. ಮಿಕ್ಸಿಯ ಕೆಳಗೂ ಬಟ್ಟೆ ಬೇಡ. ಮೋಟರಿಗೆ ಗಾಳಿಯಾಡುವ ಕಿಂಡಿಗಳು ಸಾಮಾನ್ಯವಾಗಿ ಅಡಿಯಲ್ಲೇ ಇರುತ್ತವೆ. ಗಟ್ಟಿ ರಬ್ಬರ್ ಹಾಳೆ ಹಾಕಿದರೆ ಕಟ್ಟೆಯ ನಡುಕ ತಗ್ಗುತ್ತದೆ. ಸಿಂಕಿನ ತಳಕ್ಕೆ ರಬ್ಬರ್ ಜಾಲರಿ, ಕುರ್ಚಿ ಕಾಲಿಗೆ ಬುಷ್, ತಟ್ಟೆ ಜೋಡಿಸುವಲ್ಲಿ ಹಳೇ ಟವೆಲ್. ಇವೆಲ್ಲಕ್ಕಿಂತ ಹೆಚ್ಚು ಕೆಲಸಕ್ಕೆ ಬರುವುದು ‘ಮಿಕ್ಸಿ ಹಾಕ್ತೀನಿ ಅತ್ತೆ’ ಎಂಬ ಒಂದು ಮಾತು. ಬರುತ್ತದೆಂದು ಗೊತ್ತಿರುವ ಸದ್ದಿಗೆ ಜೀವ ಅಷ್ಟು ಬೆಚ್ಚುವುದಿಲ್ಲ.

ಪ್ರಶ್ನೆ: ಅಪ್ಪನಿಗೆ ಶ್ರವಣ ಸಾಧನ ಕೊಡಿಸಿದೆವು. ಹಾಕಿದರೆ ಪಾತ್ರೆ ಸದ್ದು, ಹಾರ್ನ್ ತಲೆಗೆ ಹೊಡೆಯುತ್ತದೆಂದು ಡಬ್ಬಿಯಲ್ಲಿಟ್ಟುಬಿಟ್ಟಿದ್ದಾರೆ.
- ಓದುಗರು, ಹಾಸನ

ಉತ್ತರ: ತಪ್ಪು ಅಪ್ಪನದಲ್ಲ, ಬಹುಪಾಲು ಹೊಂದಾಣಿಕೆಯದು. ‘ಎಷ್ಟರಿಂದ ಕೇಳುತ್ತದೆ’ ಎಂದಷ್ಟೇ ಅಳೆದು ಸಾಧನ ಕೊಟ್ಟರೆ ಹೀಗಾಗುತ್ತದೆ. ‘ಎಷ್ಟಾದರೆ ತಡೆಯಲಾಗದು’ ಎಂಬುದನ್ನೂ ಸದ್ದಿನ ಬೇರೆ ಬೇರೆ ಸ್ಥಾಯಿಗಳಲ್ಲಿ, ಅಂದರೆ 500, 1000, 2000, 4000 ಹರ್ಟ್ಸ್‌ಗಳಲ್ಲಿ ಅಳೆಯಬೇಕು. ಆಡಿಯಾಲಜಿಸ್ಟರನ್ನು ಕೇಳಬೇಕಾದದ್ದು ಎರಡು: ಸಾಧನದ ಗರಿಷ್ಠ ಔಟ್‌ಪುಟ್ ಈ ಮಿತಿಯ ಕೆಳಗಿದೆಯೇ? ಸಣ್ಣ ಸದ್ದಿಗೆ ಹೆಚ್ಚು, ದೊಡ್ಡ ಸದ್ದಿಗೆ ಕಡಿಮೆ ಬಲ ಕೊಡುವ ಕಂಪ್ರೆಷನ್ ಸರಿ ಕೂತಿದೆಯೇ? ಒಂದು ವಾರ ಯಾವ ಸದ್ದು, ಎಲ್ಲಿ, ಯಾವಾಗ ಹಿಂಸೆಯಾಯಿತೆಂದು ಬರೆದಿಟ್ಟುಕೊಳ್ಳಿ. ಹೋಗುವಾಗ ಮನೆಯ ಸ್ಟೀಲ್ ಲೋಟ, ಚಮಚ ಚೀಲದಲ್ಲಿರಲಿ. ಸಾಧನ ಹಾಕಿಸಿ ಅಲ್ಲೇ ಬಡಿದು ತೋರಿಸಿ, ಅಪ್ಪ ಮುಖ ಸಿಂಡರಿಸದಂತಾಗುವವರೆಗೆ ತಿದ್ದಿಸಿಕೊಳ್ಳಿ.

ಆಮೇಲೆ ಮೊದಲ ವಾರ ನಿಶ್ಶಬ್ದ ಕೋಣೆಯಲ್ಲಿ ದಿನಕ್ಕೆ ಎರಡು ಗಂಟೆ ಸಾಕು. ನಂತರ ಎರಡು-ಮೂರು ದಿನಕ್ಕೊಮ್ಮೆ ಒಂದೊಂದು ಗಂಟೆ ಹೆಚ್ಚಿಸಿ. ಮಾರುಕಟ್ಟೆ, ಮದುವೆಮನೆ ಕೊನೆಗೆ. ಪರೀಕ್ಷೆಯಿಲ್ಲದೆ ಕೊಳ್ಳುವ ಅಗ್ಗದ ಸಾಧನಗಳಲ್ಲಿ ಎಲ್ಲ ಸದ್ದನ್ನೂ ಒಂದೇ ಸಮ ಹೆಚ್ಚಿಸುವವೇ ಬಹಳ, ಅವನ್ನು ನಂಬಬೇಡಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಪರೀಕ್ಷೆ, ಹೊಂದಾಣಿಕೆ ಎರಡೂ ಆಗುತ್ತವೆ.

ಪ್ರಶ್ನೆ: ಮನೆ ಪಕ್ಕ ಕಲ್ಯಾಣ ಮಂಟಪ. ಇಡೀ ದಿನ ಕಿವಿಗೆ ಹತ್ತಿ ಇಟ್ಟುಕೊಂಡಿರುತ್ತೇನೆ, ಆದರೂ ಸಂಕಟ ಹೆಚ್ಚುತ್ತಲೇ ಇದೆ. ವಯಸ್ಸು 68.
- ಓದುಗರು, ಹುಬ್ಬಳ್ಳಿ

ಉತ್ತರ: ದಯವಿಟ್ಟು ಹತ್ತಿ ಬಿಡಿ. ಅದು ತಡೆಯುವುದು ತೀರಾ ಕಡಿಮೆ. ಇಡೀ ದಿನ ಕಿವಿ ಮುಚ್ಚಿದರೆ, ಸದ್ದು ಸಾಕಾಗದೆ ಮೆದುಳು ತನ್ನ ಕಡೆಯಿಂದ ವಾಲ್ಯೂಮ್ ಏರಿಸಿಕೊಳ್ಳುತ್ತದೆ. ತೆಗೆದಾಗ ಎಲ್ಲವೂ ಮೊದಲಿಗಿಂತ ಚುಚ್ಚುತ್ತದೆ. ಮನೆ ಶಾಂತವಿದ್ದಾಗ ಕಿವಿ ತೆರೆದೇ ಇರಲಿ. ಫ್ಯಾನ್ ಅಥವಾ ಶ್ರುತಿಪೆಟ್ಟಿಗೆಯ ನಾದ ಮಾತಿಗೆ ಅಡ್ಡಬಾರದಷ್ಟು ಸಣ್ಣಗೆ ಇರಲಿ. ಪೂರ್ಣ ನಿಶ್ಶಬ್ದ ಒಳ್ಳೆಯದಲ್ಲ.

ಬ್ಯಾಂಡು, ಡಿ.ಜೆ. ಶುರುವಾದಾಗ ಮಾತ್ರ ಫೋಮ್ ಇಯರ್‌ಪ್ಲಗ್ ಹಾಕಿ. ಬೆರಳಲ್ಲಿ ಹೊಸೆದು ಬತ್ತಿಯಷ್ಟು ಸಣ್ಣದು ಮಾಡಿ, ಇನ್ನೊಂದು ಕೈಯನ್ನು ತಲೆಯ ಹಿಂದಿನಿಂದ ತಂದು ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆದು, ಒಳಗಿಟ್ಟು, ಅದು ಅರಳುವವರೆಗೆ 20-30 ಸೆಕೆಂಡು ಬೆರಳಿಂದ ಒತ್ತಿ ಹಿಡಿಯಿರಿ. ಹೆಚ್ಚಿನವರು ಈ ಕೊನೆಯ ಹೆಜ್ಜೆ ಬಿಡುತ್ತಾರೆ, ಪ್ಲಗ್ ಅರ್ಧ ಹೊರಗೇ ಉಳಿದು ಸದ್ದು ನುಗ್ಗುತ್ತದೆ. ಕಿವಿ ಸೋರುತ್ತಿದ್ದರೆ, ಗುಗ್ಗೆ ತುಂಬಿದ್ದರೆ ಪ್ಲಗ್ ಬೇಡ, ಮೊದಲು ವೈದ್ಯರಿಗೆ ತೋರಿಸಿ.

ಕಾನೂನು ನಿಮ್ಮ ಪರವಾಗಿದೆ. 2000ದ ಶಬ್ದ ಮಾಲಿನ್ಯ ನಿಯಮದಂತೆ ವಸತಿ ಪ್ರದೇಶದ ಮಿತಿ ಹಗಲು 55, ರಾತ್ರಿ 45 ಡೆಸಿಬಲ್. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಸರ್ಕಾರ ವರ್ಷಕ್ಕೆ 15 ದಿನ ಮೀರದಂತೆ, ಹಬ್ಬ-ಸಾಂಸ್ಕೃತಿಕ ಕಾರ್ಯಕ್ರಮಕ್ಕೆ 12ರವರೆಗೆ ವಿನಾಯಿತಿ ಕೊಡಬಹುದು. ಇದು ಮೀರಿದರೆ ಪೊಲೀಸರ ತುರ್ತು ಸಂಖ್ಯೆ 112ಕ್ಕೆ ಕರೆ ಮಾಡಿ.

ಪ್ರಶ್ನೆ: ಕಿವಿಯ ತೊಂದರೆಗೆ ವೈದ್ಯರಲ್ಲಿಗೆ ಹೋಗಲು ಯಾವಾಗ ತಡಮಾಡಬಾರದು?
- ಓದುಗರು, ಶಿವಮೊಗ್ಗ

ಉತ್ತರ: ಒಂದು ಕಿವಿ ಇದ್ದಕ್ಕಿದ್ದಂತೆ ಮಂದವಾದರೆ ಅದೇ ದಿನ ಇ.ಎನ್.ಟಿ. ವೈದ್ಯರಲ್ಲಿಗೆ ಹೋಗಿ, ಸ್ಟೆರಾಯ್ಡ್ ಚಿಕಿತ್ಸೆ ಮೊದಲ ಎರಡು ವಾರದಲ್ಲೇ ಹೆಚ್ಚು ಫಲ ಕೊಡುವುದು. ಸದ್ದಿನ ಕಿರಿಕಿರಿಯ ಜೊತೆ ಮುಖದ ಒಂದು ಬದಿ ಜೋತರೂ ಕಾಯಬೇಡಿ. ಅದು ಪಾರ್ಶ್ವವಾಯು ಇರಬಹುದು, ಇಲ್ಲವೇ ಮುಖದ ನರದ ತೊಂದರೆ. ಆ ನರವೇ ಕಿವಿಯೊಳಗೆ ದೊಡ್ಡ ಸದ್ದಿಗೆ ಬಿಗಿಯುವ ಪುಟ್ಟ ಸ್ನಾಯುವನ್ನೂ ನಡೆಸುತ್ತದೆ. ಸದ್ದಾದಾಗ ತಲೆ ತಿರುಗಿದರೆ, ತನ್ನ ಹೆಜ್ಜೆಯ ಸದ್ದೇ ಕಿವಿಯೊಳಗೆ ಗುಡುಗಿದರೆ ಅದನ್ನೂ ಹಾಗೆಯೇ ವೈದ್ಯರಿಗೆ ಹೇಳಿ. ಈ ಯಾವುದಕ್ಕೂ ಕಿವಿಗೆ ಬಿಸಿ ಎಣ್ಣೆ ಬಿಡಬೇಡಿ.